ನಾಲ್ಕಕ್ಷರದ ನಾಮ

ಕಾಲಿಗೆ ಪುಸ್ತಕ ತಗುಲಿದೊಡನೆ ಬಾಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ನಮ್ಮ ಮಕ್ಕಳಿಗೆ ಮನೆಯಲ್ಲಿಯೇ ದೊರೆಯುವ ಸಂಸ್ಕಾರ. ಅಕ್ಷರವನ್ನು ಹೊತ್ತ ಕಾಗದ ಬರಿಯ ಕಾಗದವಲ್ಲವೆಂಬ ಈ ಭಾವನೆ ನಮಗೆ ಮಾತ್ರ ಸೇರಿದುದೆಂದು ತಿಳಿಯಬೇಕಾಗಿಲ್ಲ. ಪಶ್ಚಿಮ ಏಷ್ಯದಲ್ಲಿ ಹುಟ್ಟಿದ ಯೆಹೂದ್ಯ ಧರ್ಮವು ಭಗವಂತನ ನಾಮದಲ್ಲಿ ಇರಿಸಿಕೊಂಡು ಬಂದ ಶ್ರದ್ಧೆಯನ್ನೂ, ಅದನ್ನು ಪಡೆದು ಬೇರೊಂದು ದಾರಿಯಲ್ಲಿ ಬೆಳೆಸಿದ ಕ್ರೈಸ್ತರ ಆಚರಣೆಯನ್ನೂ ಅರಿತರೆ, ನಾಮವನ್ನು ಗೌರವಿಸುವುದೆಂದರೇನು ಎಂಬ ಪ್ರಶ್ನೆಯೇ ನಮಗೆ ಹೊಸದಾಗಿ ಕಾಣುತ್ತದೆ.

ಹೀಬ್ರೂ ಧರ್ಮಗ್ರಂಥದಲ್ಲಿ ದೇವರಿಗೆ ಹಲವು ಹೆಸರುಗಳಿವೆ. ಅವುಗಳಲ್ಲಿ ಪರಮಪವಿತ್ರವಾದುದು ಯೋದ್, ಹೇ, ವಾವ್, ಹೇ ಎಂಬ ನಾಲ್ಕು ಅಕ್ಷರಗಳ ನಾಮ. ಗ್ರಂಥದಲ್ಲಿ ಅದು ಸುಮಾರು ೬,೮೦೦ ಸಲ ಬರುತ್ತದೆ. ಉರಿದರೂ ಬೂದಿಯಾಗದ ಪೊದೆಯ ಮುಂದೆ ನಿಂತ ಮೋಶೆಯು ಹೆಸರನ್ನು ಕೇಳಿದಾಗ ದೊರೆತ ಉತ್ತರವು 'ಇರುವಿಕೆ'ಯನ್ನು ಸೂಚಿಸುವ ಧಾತುವಿಗೆ ಈ ನಾಮವನ್ನು ಸಂಬಂಧಿಸುತ್ತದೆ. ಮೋಶೆಗೆ ದೊರೆತ ದಶಾಜ್ಞೆಗಳಲ್ಲಿ ಒಂದು ಈ ನಾಮವನ್ನು ವ್ಯರ್ಥವಾಗಿ ಎತ್ತಬಾರದೆಂದು ವಿಧಿಸಿತು. ಆದರೂ ಆದಿಯಲ್ಲಿ ಇದು ಜನರ ನಾಲಗೆಯ ಮೇಲಿದ್ದ ನಾಮವೇ. ೧೯೩೫ರಲ್ಲಿ ಲಾಖೀಷ್ ಎಂಬಲ್ಲಿ ಉತ್ಖನನದಿಂದ ದೊರೆತ, ಕ್ರಿ.ಪೂ. ೬ನೆಯ ಶತಮಾನದ ಆದಿಭಾಗದ ಮಡಕೆಚೂರುಗಳ ಮೇಲೆ ಸೈನ್ಯಾಧಿಕಾರಿಗೆ ಬರೆದ ಸಾಮಾನ್ಯ ಪತ್ರಗಳಲ್ಲಿಯೂ ಕುಶಲವನ್ನು ಕೋರುವಾಗ ಈ ನಾಮವನ್ನು ಬಳಸಿದ್ದಾರೆ.

ಕಾಲಕ್ರಮದಲ್ಲಿ ಭಕ್ತಿಯು ಮೌನದ ರೂಪವನ್ನು ತಾಳಿತು. ಜೆರೂಸಲೇಮಿನ ದೇವಾಲಯದಲ್ಲಿ ವರ್ಷಕ್ಕೊಮ್ಮೆ ಪ್ರಾಯಶ್ಚಿತ್ತದ ದಿನದಂದು ಮಹಾಯಾಜಕನು ನಾಮವನ್ನು ಉಚ್ಚರಿಸಿದಾಗ ಅಂಗಳದಲ್ಲಿದ್ದವರೆಲ್ಲ ಸಾಷ್ಟಾಂಗವೆರಗುತ್ತಿದ್ದರೆಂದು ಮಿಷ್ನಾ ಎಂಬ ಪ್ರಾಚೀನ ಸಂಹಿತೆ ತಿಳಿಸುತ್ತದೆ. ಕ್ರಿ.ಶ. ೭೦ರಲ್ಲಿ ರೋಮನರು ಆ ದೇವಾಲಯವನ್ನು ಸುಟ್ಟು ಕೆಡವಿದರು. ನಾಮವನ್ನು ನುಡಿಯುವ ಸ್ಥಾನವೂ ಇಲ್ಲವಾಯಿತು, ನುಡಿಯುವ ಯಾಜಕನೂ ಇಲ್ಲವಾದನು. ಗ್ರಂಥಪಠಣದಲ್ಲಿ ಆ ನಾಲ್ಕಕ್ಷರ ಬಂದೆಡೆಯಲ್ಲಿ 'ನನ್ನ ಒಡೆಯ' ಎಂಬರ್ಥದ 'ಅದೋನಾಯ್' ಎಂದು ಓದುವುದು, ಮಾತಿನಲ್ಲಿ 'ಆ ನಾಮ' ಎಂಬರ್ಥದ 'ಹಷೇಮ್' ಎನ್ನುವುದು ರೂಢಿಯಾಯಿತು.

ಬರೆಯುವ ಕೈಗೂ ಇದೇ ಸಂಯಮ ಅಂಟಿತ್ತು. ೧೯೪೭ರಿಂದ ಮೃತಸಮುದ್ರದ ಬಳಿಯ ಕುಮ್ರಾನ್ ಗವಿಗಳಲ್ಲಿ ದೊರೆತ ಸುರುಳಿಗಳಲ್ಲಿ ಕೆಲವನ್ನು ನೋಡಿದರೆ, ಉಳಿದೆಲ್ಲ ಬರಹವೂ ಆ ಕಾಲದ ಲಿಪಿಯಲ್ಲಿದ್ದು ನಾಮವೊಂದು ಮಾತ್ರ ಅತಿ ಪ್ರಾಚೀನ ಲಿಪಿಯಲ್ಲಿದೆ. ಮತ್ತೆ ಕೆಲವೆಡೆ ನಾಮದ ಬದಲು ನಾಲ್ಕು ಚುಕ್ಕೆಗಳಿವೆ. ಹೀಬ್ರೂ ಭಾಷೆಯಲ್ಲಿ ಅಕ್ಷರಗಳೇ ಅಂಕಿಗಳು. ಹತ್ತಕ್ಕೆ ಐದನ್ನು ಸೇರಿಸಿ ಹದಿನೈದನ್ನು ಬರೆದರೆ ದೇವರ ನಾಮದ ಎರಡಕ್ಷರಗಳಾಗುತ್ತವೆಂದು ಒಂಬತ್ತು ಮತ್ತು ಆರು ಎಂದು ಬರೆಯುತ್ತಾರೆ. ಹದಿನಾರನ್ನು ಒಂಬತ್ತು ಮತ್ತು ಏಳು ಎಂದು ಬರೆಯುತ್ತಾರೆ. ಲೆಕ್ಕದ ಪುಸ್ತಕದಲ್ಲಿಯೂ ದೇವರ ಹೆಸರು ಅಗ್ಗವಾಗಬಾರದೆಂಬ ಎಚ್ಚರವಿದು!

ಈ ಮೌನಕ್ಕೆ ಬೆಲೆಯನ್ನೂ ತೆರಬೇಕಾಯಿತು. ಹೀಬ್ರೂ ಲಿಪಿಯಲ್ಲಿ ಮೂಲತಃ ಸ್ವರಚಿಹ್ನೆಗಳಿಲ್ಲವಾದುದರಿಂದ ನಾಮದ ನಿಜವಾದ ಉಚ್ಚಾರಣೆ ಮರೆತುಹೋಯಿತು. ಮಧ್ಯಯುಗದ ಆರಂಭದಲ್ಲಿ ಮಸೋರಾ ಪಂಡಿತರು ಗ್ರಂಥಕ್ಕೆ ಸ್ವರಚಿಹ್ನೆಗಳನ್ನು ಸೇರಿಸಿದಾಗ, ಓದುವವನನ್ನು ಎಚ್ಚರಿಸಲೆಂದು ಈ ನಾಲ್ಕಕ್ಷರಗಳಿಗೆ 'ಅದೋನಾಯ್' ಪದದ ಸ್ವರಗಳನ್ನು ಕೊಟ್ಟರು. ಸಂಕೇತವನ್ನರಿಯದ ಕ್ರೈಸ್ತ ಓದುಗರು ಎರಡನ್ನೂ ಕೂಡಿಸಿ ಓದಿದುದರಿಂದ ಹುಟ್ಟಿದ ರೂಪವೇ ನಮ್ಮ ಕನ್ನಡ ಬೈಬಲಿನಲ್ಲಿಯೂ ಕಾಣುವ 'ಯೆಹೋವ'. ಮೂಲದ ಉಚ್ಚಾರಣೆ 'ಯಾಹ್ವೆ' ಎಂದಿದ್ದಿರಬೇಕೆಂದು ಇಂದಿನ ಬಹುಮಂದಿ ವಿದ್ವಾಂಸರು ಊಹಿಸುತ್ತಾರೆ.

ಕ್ರೈಸ್ತ ಧರ್ಮದಲ್ಲಿ ನಾಮವು ಮತ್ತೆ ನಾಲಗೆಗೆ ಬಂದಿತು. ಯೇಸು ಕಲಿಸಿದ ಪ್ರಾರ್ಥನೆಯ ಮೊದಲ ಕೋರಿಕೆಯೇ ತಂದೆಯ ನಾಮವು ಪವಿತ್ರವೆನಿಸಲಿ ಎಂಬುದು. ಆದಿಕಾಲದ ಕ್ರೈಸ್ತ ಲಿಪಿಕಾರರು ದೇವರು, ಪ್ರಭು, ಯೇಸು, ಕ್ರಿಸ್ತ ಎಂಬ ಪದಗಳನ್ನು ಸಂಕ್ಷೇಪಿಸಿ ಮೇಲೊಂದು ಗೆರೆಯೆಳೆದು ಬರೆದರು. ೧೨೭೪ರ ಲಿಯೋನ್ ಮಹಾಸಭೆಯು ಯೇಸುನಾಮವನ್ನು ಕೇಳಿದೊಡನೆ ತಲೆಬಾಗಬೇಕೆಂದು ವಿಧಿಸಿತು. ಇಟಲಿಯ ಸಂತ ಬೆರ್ನಾರ್ದಿನೋ (೧೩೮೦–೧೪೪೪) ಆ ನಾಮದ ಅಕ್ಷರಗಳನ್ನು ಹಲಗೆಯ ಮೇಲೆ ಬರೆಯಿಸಿ ಊರೂರಿನಲ್ಲಿ ಜನರಿಗೆ ತೋರಿಸಿದನು. ಇಷ್ಟಾದರೂ ಯೆಹೂದ್ಯರ ಮೌನವನ್ನು ಕ್ರೈಸ್ತರು ಪೂರ್ಣವಾಗಿ ತೊರೆಯಲಿಲ್ಲ. ೨೦೦೮ರಲ್ಲಿ ವ್ಯಾಟಿಕನ್ ಪೀಠವು ಪೂಜಾವಿಧಿಯ ಗೀತೆಗಳಲ್ಲಿಯೂ ಪ್ರಾರ್ಥನೆಗಳಲ್ಲಿಯೂ ಆ ನಾಲ್ಕಕ್ಷರದ ನಾಮವನ್ನು ಉಚ್ಚರಿಸಕೂಡದೆಂದು ಆದೇಶವಿತ್ತಿತು.

ಆದರೆ ನಾಲಗೆಯ ಭಯಭಕ್ತಿಯೊಂದೇ ಸಾಕೆ? ೧೦೯೬ರಲ್ಲಿ ಕ್ರಿಸ್ತನ ನಾಮದಲ್ಲಿ ಧರ್ಮಯುದ್ಧಕ್ಕೆಂದು ಹೊರಟ ಗುಂಪುಗಳು ರೈನ್ ನದಿಯ ದಡದ ವೋರ್ಮ್ಸ್, ಮೈನ್ಸ್ ಪಟ್ಟಣಗಳಲ್ಲಿ ಯೆಹೂದ್ಯರನ್ನು ಸಾಮೂಹಿಕವಾಗಿ ಕೊಂದುವು. ಕೆಲವು ಬಿಷಪ್ಪರು ಆಶ್ರಯವೀಯಲೆತ್ನಿಸಿದರೂ ಫಲಿಸಲಿಲ್ಲ. ಮತಾಂತರಕ್ಕೊಪ್ಪದೆ ಮಡಿದವರ ಮರಣವನ್ನು ಯೆಹೂದ್ಯರು 'ಕಿದ್ದುಷ್ ಹಷೇಮ್' ಎಂದರು, ಎಂದರೆ ನಾಮವನ್ನು ಪವಿತ್ರಗೊಳಿಸುವುದು. ಕೊಂದವರ ಬಾಯಲ್ಲಿಯೂ ದೇವರ ನಾಮವಿದ್ದಿತು. ಯಾರಿಂದ ಅದು ಪವಿತ್ರವಾಯಿತು, ಯಾರಿಂದ ಮಲಿನವಾಯಿತು ಎಂಬುದನ್ನು ಹೇಳಬೇಕಾಗಿಲ್ಲ. ಸತ್ಯವಂತನಾಗಿ ವ್ಯವಹರಿಸಿದರೆ ನಾಮಕ್ಕೆ ಮಹಿಮೆ, ಮೋಸ ಮಾಡಿದರೆ ನಾಮಕ್ಕೆ ಕಳಂಕವೆಂದು ಯೆಹೂದ್ಯ ಗುರುಗಳು ನಿತ್ಯಜೀವನಕ್ಕೂ ಈ ಮಾತನ್ನು ಅನ್ವಯಿಸಿದ್ದಾರೆ.

ಕಾಗದಕ್ಕೆ ತೋರಿದ ಗೌರವದ ಫಲವೊಂದು ನಮ್ಮ ನಾಡಿಗೂ ಸಂಬಂಧಿಸಿದುದು. ದೇವರ ನಾಮವಿರುವ ಗ್ರಂಥ ಜೀರ್ಣವಾದರೆ ಅದನ್ನು ಸುಡದೆ, ಎಸೆಯದೆ ಪ್ರತ್ಯೇಕ ಸ್ಥಳದಲ್ಲಿರಿಸಿ ಹೂಳುವುದು ಯೆಹೂದ್ಯರ ಪದ್ಧತಿ. ಆ ಸ್ಥಳಕ್ಕೆ 'ಗೆನಿಜಾ' ಎಂದು ಹೆಸರು. ಹಳೆಯ ಕೈರೋದ ಬೆನ್ ಎಜ್ರಾ ಮಂದಿರದಲ್ಲಿ ಹೀಬ್ರೂ ಲಿಪಿಯ ಪತ್ರ, ಕರಾರು, ಲೆಕ್ಕಪಟ್ಟಿಗಳನ್ನೂ ಹೀಗೆಯೇ ಕೂಡಿಟ್ಟರು. ಹೂಳದೆ ಶತಮಾನಗಳ ಕಾಲ ಅವು ಅಲ್ಲಿಯೇ ಉಳಿದುವು. ಸಾಮಾನ್ಯ ಪತ್ರವೂ ದೇವರನ್ನು ಸ್ಮರಿಸಿಯೇ ಆರಂಭವಾಗುತ್ತಿತ್ತಷ್ಟೆ. ೧೮೯೭ರಲ್ಲಿ ಸಾಲೊಮನ್ ಷೆಕ್ಟರ್ ಎಂಬ ವಿದ್ವಾಂಸನು ಅಲ್ಲಿಂದ ಸುಮಾರು ೧,೯೩,೦೦೦ ತುಣುಕುಗಳನ್ನು ಕೇಂಬ್ರಿಜ್ ವಿಶ್ವವಿದ್ಯಾನಿಲಯಕ್ಕೆ ಸಾಗಿಸಿದನು. ಗೆನಿಜಾದ ಪತ್ರಗಳಲ್ಲಿ ಮಂಗಳೂರಿನಲ್ಲಿ ನೆಲೆಸಿ ವ್ಯಾಪಾರ ಮಾಡುತ್ತಿದ್ದ ಅಬ್ರಹಾಂ ಬೆನ್ ಯೀಜೂ ಎಂಬವನ ಪತ್ರವ್ಯವಹಾರವೂ ಇದೆ. ಅವನ ಪರವಾಗಿ ಏಡನ್ನಿಗೆ ಹೋಗಿಬರುತ್ತಿದ್ದ 'ಬೊಮ್ಮ' ಎಂಬ ದಾಸನಿಗೆ ಅಲ್ಲಿನ ವರ್ತಕರು ಕುಶಲವನ್ನು ಕೇಳಿ ಬರೆದಿದ್ದಾರೆ. ಅವನು ಆಶು ಎಂಬ ದಾಸಿಯನ್ನು ಬಂಧಮುಕ್ತಗೊಳಿಸಿ ೧೧೩೨ರಲ್ಲಿ ಮಂಗಳೂರಿನಲ್ಲಿ ಬರೆಯಿಸಿದ ಬಿಡುಗಡೆಯ ಪತ್ರವೂ ಉಳಿದಿದೆ. ಅದು ಕಲ್ಯಾಣದಲ್ಲಿ ಶರಣರು ಬಾಳಿದ ಶತಮಾನ. ಆಗಿನ ಶಾಸನಗಳು ಹೆಚ್ಚಾಗಿ ಅರಸರನ್ನೂ ದಾನಿಗಳನ್ನೂ ಹೇಳುತ್ತವೆ. ಕರಾವಳಿಯ ಈ ದಾಸ ದಾಸಿಯರ ಹೆಸರುಗಳನ್ನು ಉಳಿಸಿದುದು ದೂರದ ಈಜಿಪ್ಟಿನಲ್ಲಿ ದೇವರ ನಾಮಕ್ಕೆ ಅಂಜಿದವರ ಕಾಗದಗಳು.

ಗುರುವು ಕಿವಿಯಲ್ಲಿ ಉಪದೇಶಿಸಿದ ಪಂಚಾಕ್ಷರಿಯನ್ನು ಜಪಿಸುವ ನಮಗೆ ನಾಲ್ಕಕ್ಷರವನ್ನು ನುಡಿಯದೆ ಕಾಪಾಡುವವರ ಮಾರ್ಗ ಅಪರಿಚಿತವೆನಿಸಬಹುದು. ನುಡಿಯುವ ಭಕ್ತಿ ಬೇರೆ, ನುಡಿಯದ ಭಕ್ತಿ ಬೇರೆ. ಆದರೆ ಎರಡಕ್ಕೂ ಪರೀಕ್ಷೆ ಒಂದೇ. ನಾಮವಿರುವ ಕಾಗದವನ್ನು ಕಣ್ಣಿಗೊತ್ತಿಕೊಂಡ ಕೈ ನೆರೆಯವನ ಮೇಲೆ ಏಳುವುದೋ, ಅಥವಾ ಒಬ್ಬಳ ಬಂಧನವನ್ನು ಬಿಡಿಸುವ ಪತ್ರವನ್ನು ಬರೆಯುವುದೋ ಎಂಬುದೇ ಆ ಪರೀಕ್ಷೆ. ಪುಸ್ತಕಕ್ಕೆ ಕಾಲು ತಗುಲಿದಾಗ ಬಾಗುವ ಮಕ್ಕಳಿಗೆ ಇದನ್ನೂ ತಿಳಿಸುವ ಹೊಣೆ ಹಿರಿಯರಾದ ನಮ್ಮದು.