ತಾಯಿಯ ಹೆಸರು: ದೇವದಾಸಿ ಪುನರ್ವಸತಿಯ ಇತಿಹಾಸದಲ್ಲಿ ಸಮಾನತೆಯ ಪ್ರಶ್ನೆ

ಘಟಪ್ರಭೆ ಮಲಪ್ರಭೆಗಳ ನಡುವಣ ನೆಲದಲ್ಲಿ, ಬಾಗಲಕೋಟೆಯಿಂದ ಬೆಳಗಾವಿಗೆ ಹೋಗುವ ದಾರಿಯೂ ಮುಧೋಳದಿಂದ ರಾಮದುರ್ಗದ ಕಡೆಗೆ ಹೋಗುವ ದಾರಿಯೂ ಕೂಡುವೆಡೆಯಲ್ಲಿ ಲೋಕಾಪುರವಿದೆ. ಭಾರತ ಹುಣ್ಣಿಮೆ ಸಮೀಪಿಸಿತೆಂದರೆ ಈ ಸೀಮೆಯ ಹಳ್ಳಿಗಳಿಂದ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿಗಳೂ ಈಚೆಗೆ ಟ್ರ್ಯಾಕ್ಟರುಗಳೂ ಹೊರಡುತ್ತವೆ; ಚೌಡಿಕೆಯ ನಾದ, ‘ಉಧೋ ಉಧೋ’ ಎಂಬ ಘೋಷ ದಾರಿಯುದ್ದಕ್ಕೂ ಕೇಳಿಬರುತ್ತದೆ. ಹರಕೆ ತೀರಿಸಿ ಮರಳುವವರ ಭಕ್ತಿಯ ಬಗೆಗೆ ಎರಡು ಮಾತಿಲ್ಲ. ಆದರೆ ಹಿಂದಿನ ತಲೆಮಾರುಗಳಲ್ಲಿ ಈ ಭಾಗದ ಅನೇಕ ಹೆಣ್ಣುಮಕ್ಕಳು, ಅರಿವು ಮೂಡುವ ಮುನ್ನವೇ, ಕೊರಳಿಗೆ ಕೆಂಪು ಬಿಳುಪಿನ ಮುತ್ತು ಕಟ್ಟಿಸಿಕೊಂಡು ದೇವಿಯ ಹೆಸರಿಗೆ ಸಂದರು. ಅವರಲ್ಲಿ ಬಹುಪಾಲು ಮಂದಿ ದಲಿತ ಕೇರಿಗಳ ಬಡ ಮನೆಯವರು. ಮದುವೆ ಅವರಿಗೆ ಇಲ್ಲವಾಯಿತು, ಮಕ್ಕಳಾದವು, ಆ ಮಕ್ಕಳಿಗೆ ತಂದೆಯ ಹೆಸರು ಇಲ್ಲವಾಯಿತು.

ಸಮಾಜಸೇವೆಯಲ್ಲಿ ಸಮಾನತೆಯೆಂದರೆ ಎಲ್ಲರನ್ನೂ ಒಂದೇ ತೆರನಾಗಿ ಕಾಣುವುದು ಎಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ಶಾಲೆಯ ಅರ್ಜಿಯು ಪ್ರತಿಯೊಂದು ಮಗುವನ್ನೂ ‘ತಂದೆಯ ಹೆಸರೇನು?’ ಎಂದೇ ಕೇಳುತ್ತದೆ. ಪ್ರಶ್ನೆ ಎಲ್ಲರಿಗೂ ಸಮಾನವಾದುದೇ. ಉತ್ತರವಿಲ್ಲದ ಮಗು ಮಾತ್ರ ಬಾಗಿಲ ಹೊರಗೆ ನಿಲ್ಲುತ್ತದೆ. ದೇವದಾಸಿ ಪುನರ್ವಸತಿಯ ಇತಿಹಾಸವನ್ನು ಈ ಒಂದು ಅಂಕಣದ ಕಡೆಯಿಂದ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಇದಕ್ಕೆ ಮೊದಲ ಸಾಕ್ಷಿ ಲೋಕಾಪುರದ ಜಿಲ್ಲೆಯಲ್ಲಿಯೇ ಇದೆ. ಬಾದಾಮಿಯ ಸಮೀಪದ ಮಹಾಕೂಟದಲ್ಲಿ, ಮಹಾಕೂಟೇಶ್ವರ ಗುಡಿಯ ಮುಖಮಂಟಪದ ಕಂಬವೊಂದರ ಮೇಲೆ ಕನ್ನಡ ಶಾಸನವಿದೆ. ಕ್ರಿ.ಶ. 696ರಿಂದ 733ರವರೆಗೆ ಆಳಿದ ಚಾಲುಕ್ಯ ವಿಜಯಾದಿತ್ಯನಿಗೆ ಪ್ರಾಣಪ್ರಿಯಳಾದ ಗಣಿಕೆ ವಿನಾಪೋಟಿಯು ಹಿರಣ್ಯಗರ್ಭ ದಾನವಿತ್ತು, ದೇವರಿಗೆ ಮಾಣಿಕ್ಯದ ಪೀಠವನ್ನು ಮಾಡಿಸಿ, ಬೆಳ್ಳಿಯ ಕೊಡೆಯನ್ನೇರಿಸಿ, ಭೂಮಿಯನ್ನು ಬಿಟ್ಟುಕೊಟ್ಟ ಸಂಗತಿ ಅದರಲ್ಲಿದೆ. ಇತಿಹಾಸಜ್ಞರ ಗಮನ ಹೆಚ್ಚಾಗಿ ಆ ದಾನದ ಮೇಲೆಯೇ ನಿಂತಿದೆ. ಆದರೆ ಆಕೆಯ ವಂಶವನ್ನು ಹೇಳಿದ ಬಗೆಯನ್ನೂ ಇಲ್ಲಿ ಗಮನಿಸಬೇಕು. ಅಜ್ಜಿ ರೇವಮಂಚಳೆ, ಆಕೆಯ ಮಗಳು, ಆ ಮಗಳ ಮಗಳು ವಿನಾಪೋಟಿ. ಮೂರು ತಲೆಮಾರಿನ ವಂಶಾವಳಿ ಹೆಣ್ಣಿನಿಂದ ಹೆಣ್ಣಿಗೆ ಸಾಗುತ್ತದೆ. ತಂದೆಯ ಪ್ರಸ್ತಾಪವೇ ಇಲ್ಲ. ಅದರಿಂದ ದಾನದ ಸಿಂಧುತ್ವಕ್ಕಾಗಲಿ ದಾನಿಯ ಗೌರವಕ್ಕಾಗಲಿ ಕುಂದು ಬಂದಂತೆ ಆ ಕಾಲದವರು ಭಾವಿಸಲಿಲ್ಲ.

ಹೀಗೆಂದ ಮಾತ್ರಕ್ಕೆ ಆ ಕಾಲವನ್ನು ಹೊಗಳಿ ಹಾಡಬೇಕಾಗಿಲ್ಲ. ಅರಸನ ಪ್ರೀತಿಗೆ ಪಾತ್ರಳಾದ ಗಣಿಕೆಗೂ ಬರಗಾಲದ ವರ್ಷದಲ್ಲಿ ಮುತ್ತು ಕಟ್ಟಿಸಿಕೊಂಡ ಕೂಲಿಯ ಮಗಳಿಗೂ ಅಜಗಜಾಂತರವಿದೆ. ದೇವಾಲಯದ ಪಾತ್ರ, ಸೂಳೆ, ಜೋಗತಿ, ಬಸವಿ ಇವೆಲ್ಲವನ್ನೂ ‘ದೇವದಾಸಿ’ ಎಂಬ ಒಂದೇ ಪದದಲ್ಲಿ ತುಂಬಿದ್ದು ಆಧುನಿಕ ಕಾಲದ ಅವಸರ. ನಾವಾದರೂ ಆ ಅವಸರವನ್ನು ಮಾಡದಿರುವುದು ಲೇಸು.

ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಳೆ ಸಂಕವ್ವೆಯ ಒಂದೇ ಒಂದು ವಚನ ನಮಗೆ ಉಳಿದು ಬಂದಿದೆ. ಅಂಕಿತ ‘ನಿರ್ಲಜ್ಜೇಶ್ವರ’. ಆಕೆ ತನ್ನ ವೃತ್ತಿಯ ಕಟ್ಟುಪಾಡನ್ನೇ ವ್ರತನಿಷ್ಠೆಗೆ ದೃಷ್ಟಾಂತವಾಗಿ ತಂದಿದ್ದಾಳೆ. ಶರಣರ ಗೋಷ್ಠಿಯಲ್ಲಿ ಕಸಗುಡಿಸುವ ಕಾಯಕದ ಸತ್ಯಕ್ಕನೂ ಆಯ್ದಕ್ಕಿ ಲಕ್ಕಮ್ಮನೂ ಉರಿಲಿಂಗಪೆದ್ದಿಯ ಪುಣ್ಯಸ್ತ್ರೀ ಕಾಳವ್ವೆಯೂ ಇದ್ದರು. ಅವರೆಲ್ಲರೂ ತಮ್ಮ ಬದುಕಿನ ಮಾತನ್ನೇ ಬಳಸಿ ನುಡಿದರು. ಸಂಕವ್ವೆಗೂ ಅಲ್ಲಿ ಒಂದು ಅಂಕಿತವಿತ್ತು. ಅಂಕಿತವೆಂದರೆ ತನ್ನ ಮಾತಿಗೆ ತಾನೇ ಒಡತಿ ಎಂಬ ಸಹಿ. ಪೂರ್ವಾಶ್ರಮವನ್ನು ಮುಚ್ಚಿಟ್ಟರೆ ಮಾತ್ರ ಒಳಗೆ ಬಾ ಎಂದು ಆಕೆಗೆ ಯಾರಾದರೂ ಹೇಳಿದ್ದರೆ ಆ ಅಂಕಿತ ಹುಟ್ಟುತ್ತಿರಲಿಲ್ಲ. ನಂತರದ ಸಂಪಾದಕರಲ್ಲಿ ಕೆಲವರು ಆಕೆಯ ಹೆಸರಿನ ಮೊದಲ ಪದವನ್ನು ಉಚ್ಚರಿಸಲು ಸಂಕೋಚಪಟ್ಟಿದ್ದಾರೆ. ಸಂಕೋಚ ಅವರದು, ಆಕೆಯದಲ್ಲ.

ಇನ್ನು ಕಾಯಿದೆಗಳ ಮಾತು. ಮುಂಬಯಿ ಪ್ರಾಂತ್ಯದಲ್ಲಿ 1934ರಲ್ಲಿ ದೇವದಾಸಿ ಸಂರಕ್ಷಣ ಕಾಯಿದೆ ಬಂದಿತು. ವಿಜಾಪುರ, ಬೆಳಗಾವಿ, ಧಾರವಾಡ ಜಿಲ್ಲೆಗಳು ಅದರ ವ್ಯಾಪ್ತಿಯಲ್ಲಿದ್ದುವು. ಮುಧೋಳವಾದರೋ ಘೋರ್ಪಡೆ ಮನೆತನದ ಸಂಸ್ಥಾನವಾಗಿ 1948ರವರೆಗೆ ಬೇರೆಯೇ ಆಡಳಿತದಲ್ಲಿತ್ತು. ಕರ್ನಾಟಕ ರಾಜ್ಯದ ದೇವದಾಸಿ ಸಮರ್ಪಣ ನಿಷೇಧ ಕಾಯಿದೆ 1982ರದು. ಜಾರಿಗೆ ಬಂದುದು 1984ರಲ್ಲಿ. ಸಮರ್ಪಣೆಯಲ್ಲಿ ಪಾಲುಗೊಂಡವರಿಗೆ 3 ವರ್ಷಗಳವರೆಗೆ ಸೆರೆವಾಸ, ಹೆತ್ತವರೋ ಪೋಷಕರೋ ಬಂಧುಗಳೋ ಆಗಿದ್ದರೆ 2 ವರ್ಷಕ್ಕೆ ಕಡಿಮೆಯಿಲ್ಲದೆ 5 ವರ್ಷಗಳವರೆಗೆ. ಇಂಥ ಸ್ತ್ರೀಯ ವಿವಾಹ ಸಿಂಧುವೆಂದೂ ಅದು ಸಾರಿತು. ಗುಡಿಯೆದುರಿನ ಬಹಿರಂಗ ವಿಧಿ ನಿಂತಿತು, ನಿಜ. ಆದರೆ ಅದು ಹಲವೆಡೆ ಮನೆಯೊಳಕ್ಕೆ, ರಾತ್ರಿಯ ಹೊತ್ತಿಗೆ ಸರಿಯಿತು. ಶಿಕ್ಷೆಯ ಭಯವಿರುವಲ್ಲಿ ತಾಯಿ ಬಾಯಿ ಬಿಡುವುದಿಲ್ಲ. ಬಾಯಿ ಬಿಡದವಳಿಗೆ ನೆರವು ದೊರೆಯುವುದಿಲ್ಲ.

ಪುನರ್ವಸತಿಯ ಯೋಜಕರು ಬಹುಕಾಲ ಮರೆತ ಇನ್ನೊಂದು ಸಂಗತಿಯಿದೆ. ಗಂಡುಸಂತಾನವಿಲ್ಲದ ಮನೆಯಲ್ಲಿ ಮುತ್ತು ಕಟ್ಟಿಸಿಕೊಂಡ ಮಗಳು ಮಗನ ಸ್ಥಾನದಲ್ಲಿ ನಿಲ್ಲುತ್ತಿದ್ದಳು. ತೌರಿನಲ್ಲಿಯೇ ಉಳಿದು, ತಂದೆತಾಯಿಗಳನ್ನು ಸಾಕಿ, ಮನೆ ಹೊಲಗಳಿಗೆ ಹಕ್ಕುದಾರಳಾಗಿ, ಅವರ ಅಂತ್ಯಕ್ರಿಯೆಯನ್ನೂ ನಡೆಸುತ್ತಿದ್ದಳು. ಇದು ಪದ್ಧತಿಯ ಸಮರ್ಥನೆಯಲ್ಲ. ಮಗಳ ದೇಹವನ್ನು ಒತ್ತೆಯಿಟ್ಟು ಮಗನ ಹಕ್ಕನ್ನು ಕೊಡುವ ವ್ಯವಸ್ಥೆಯನ್ನು ಯಾರು ತಾನೆ ಒಪ್ಪಿಯಾರು? ಆದರೆ ಸೇವೆಗೆ ಹೋದವರು ‘ಈಕೆಗೆ ಒಬ್ಬ ಗಂಡನನ್ನು ಹುಡುಕಿದರೆ ಮುಗಿಯಿತು’ ಎಂದು ಭಾವಿಸಿದಾಗ, ಮುದಿ ತಂದೆತಾಯಿಗಳನ್ನೂ ಎರಡು ಮಕ್ಕಳನ್ನೂ ದುಡಿದು ಸಾಕುತ್ತಿದ್ದ ಮನೆಯ ಯಜಮಾನಿಯನ್ನು ಅವರು ಕಾಣಲಿಲ್ಲ. ಆಕೆಗೆ ಬೇಕಾಗಿದ್ದುದು ಮನೆ, ಭೂಮಿ, ಎಮ್ಮೆ ಕೊಳ್ಳಲು ಸಾಲ, ಮಕ್ಕಳಿಗೆ ಶಾಲೆ. ಕೇಳಿದ್ದರೆ ಹೇಳುತ್ತಿದ್ದಳು.

ಕೇಳುವ ಕೆಲಸ 1990ರ ದಶಕದಲ್ಲಿ ಆರಂಭವಾಯಿತು. ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಪುನರ್ವಸತಿ ಯೋಜನೆ ಮೊದಲು ಬೆಳಗಾವಿ ಜಿಲ್ಲೆಯಲ್ಲಿ ನೆಲೆಯೂರಿತು. ಮೈರಾಡ ಸಂಸ್ಥೆಯ ಕಾರ್ಯಕರ್ತರು ಜೊತೆಗೂಡಿದರು. ತಲೆಯಲ್ಲಿ ಜಡೆಗಟ್ಟಿದ ಕೂದಲು ದೇವಿಯ ಕರೆಯೆಂಬ ಭಯವನ್ನು ಬಿಡಿಸುವುದು, ಕೂದಲನ್ನು ಬಿಡಿಸುವುದಕ್ಕಿಂತ ಕಷ್ಟವಾಗಿತ್ತು. ಆ ಭಯವನ್ನು ಬಲ್ಲವರು, ಮುತ್ತು ಕಟ್ಟಿಸಿಕೊಂಡು ಮುಂದೆ ಅದನ್ನು ಹರಿದುಹಾಕಿದ ಹೆಂಗಸರೇ. 1997ರಲ್ಲಿ ಅಂಥವರೇ ಸೇರಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯನ್ನು ಕಟ್ಟಿದರು. ಏಳನೆಯ ವಯಸ್ಸಿನಲ್ಲಿ ದೇವದಾಸಿಯಾಗಿದ್ದ ಸೀತವ್ವ ಜೋಡಟ್ಟಿಯವರು ಅದರ ಮುಖ್ಯಸ್ಥರಾಗಿ ದುಡಿದರು. ಕೇಂದ್ರ ಸರ್ಕಾರ 2018ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನು ನೀಡಿತು. ಸೇವೆ ಪಡೆಯುವವಳು ಸೇವೆಯ ಸಭೆಯಲ್ಲಿ ಕುಳಿತು ತೀರ್ಮಾನಿಸುವುದು, ಹೊರಗಿನವರು ಹೊತ್ತು ತರುವ ಕರುಣೆಗಿಂತ ಬೇರೆ ಜಾತಿಯ ವಸ್ತು.

ಬಾಗಲಕೋಟೆ ಜಿಲ್ಲೆಗೆ ಅದರ ಅಗತ್ಯ ಬೇರೊಂದು ದಾರುಣ ಕಾರಣದಿಂದ ತಿಳಿಯಿತು. 2003ರ ಸುಮಾರಿಗೆ ಇಲ್ಲಿ ನಡೆದ ಸಮುದಾಯ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಶೇಕಡ 3ರಷ್ಟು ಮಂದಿಗೆ ಎಚ್.ಐ.ವಿ. ಸೋಂಕು ಇರುವುದು ಕಂಡುಬಂದಿತು. ಕಳಂಕವನ್ನು ಹೊರಿಸುವುದಕ್ಕೆ ದೇವದಾಸಿ ಹೆಂಗಸರು ಎಲ್ಲರಿಗೂ ಸುಲಭವಾಗಿ ಸಿಕ್ಕರು. ಅವರ ಮನೆಗೆ ಹೋಗಿ ಬರುತ್ತಿದ್ದ ಗಂಡಸರ ಹೆಸರನ್ನು ಯಾರೂ ಕೇಳಲಿಲ್ಲ. ತಂದೆಯ ಹೆಸರಿಗಾಗಿ ಮಗುವನ್ನು ಬಿಡದೆ ಕಾಡಿದ ಸಮಾಜವು ಆ ತಂದೆಯನ್ನು ಮಾತ್ರ ಎಂದೂ ಹುಡುಕಲಿಲ್ಲ.

ಸರ್ಕಾರದ 1993-94ರ ಸಮೀಕ್ಷೆಯಲ್ಲಿ 22,873 ದೇವದಾಸಿಯರು ದಾಖಲಾದರು. 2007-08ರ ಸಮೀಕ್ಷೆಯ ಬಳಿಕ ಒಟ್ಟು ಸಂಖ್ಯೆ 46,660 ಆಯಿತು. ಹದಿನಾಲ್ಕು ವರ್ಷಗಳಲ್ಲಿ ಸಂಖ್ಯೆ ಇಮ್ಮಡಿಯಾದುದನ್ನು ಪದ್ಧತಿಯೇ ಇಮ್ಮಡಿಯಾಯಿತೆಂದು ಓದಬಾರದು. ಮೊದಲ ಸಲ ಅಂಜಿಯೋ ನಾಚಿಯೋ ಹೇಳದೆ ಉಳಿದವರು, ಊರಲ್ಲಿ ಇಲ್ಲದೆ ದುಡಿಮೆಗೆ ಹೋದವರು, ಕಾರ್ಯಕರ್ತರು ಕೇರಿಗೆ ಹೋಗದೆ ಬಿಟ್ಟವರು ಅದರಲ್ಲಿದ್ದಾರು. ಮಾಸಾಶನ, ಮನೆ, ಸಾಲ ಎಲ್ಲವೂ ಈ ಪಟ್ಟಿಗಳ ಆಧಾರದಿಂದಲೇ ದೊರೆಯುತ್ತ ಬಂದುವು. ಹೀಗೆ, ಅವಮಾನವನ್ನು ಎಲ್ಲರಿಗಿಂತ ಹೆಚ್ಚು ಅಂಜಿದವಳೇ ನೆರವಿನಿಂದ ಎಲ್ಲರಿಗಿಂತ ದೂರ ಉಳಿದಳು.

ಮಕ್ಕಳ ವಿಷಯಕ್ಕೆ ಬರೋಣ. ಶಾಲೆಗೆ ಸೇರಿಸುವಾಗ ಅಜ್ಜನ ಹೆಸರನ್ನೋ ಸೋದರಮಾವನ ಹೆಸರನ್ನೋ ತಂದೆಯ ಅಂಕಣದಲ್ಲಿ ಬರೆಸಿದ ತಾಯಂದಿರು ಅನೇಕರು. ಮುಖ್ಯೋಪಾಧ್ಯಾಯರು ಕನಿಕರದಿಂದಲೇ ಒಪ್ಪಿಕೊಳ್ಳುತ್ತಿದ್ದರು. ಆದರೆ ಮುಂದೆ ಜಾತಿಪತ್ರಕ್ಕೆ, ಆಸ್ತಿಗೆ, ಉದ್ಯೋಗಕ್ಕೆ ಹೋದಾಗ ಆ ಕನಿಕರದ ಸುಳ್ಳೇ ಮಗುವಿಗೆ ತೊಡಕಾಗುತ್ತಿತ್ತು. ಸರ್ವೋಚ್ಚ ನ್ಯಾಯಾಲಯವು 1999ರಲ್ಲಿ ಗೀತಾ ಹರಿಹರನ್ ಪ್ರಕರಣದಲ್ಲಿ ತಾಯಿಯ ಪೋಷಕತ್ವವನ್ನು ಎತ್ತಿಹಿಡಿಯಿತು. 2015ರಲ್ಲಿ, ಅವಿವಾಹಿತ ತಾಯಿಯು ತಂದೆಯ ಹೆಸರನ್ನು ಹೇಳದೆಯೇ ಮಗುವಿನ ಪೋಷಕಳಾಗಬಹುದೆಂದು ತೀರ್ಪಿತ್ತಿತು. ಕರ್ನಾಟಕದ ವಿಧಾನಮಂಡಲ 2025ರಲ್ಲಿ ಅಂಗೀಕರಿಸಿದ ಹೊಸ ದೇವದಾಸಿ ಮಸೂದೆಯು ಎರಡು ಕಡೆಯಿಂದ ಈ ಗಂಟನ್ನು ಬಿಚ್ಚಲು ಯತ್ನಿಸಿದೆ. ತಂದೆಯ ಹೆಸರನ್ನು ಹೇಳಬೇಕೆಂಬ ಕಡ್ಡಾಯ ಆ ಮಕ್ಕಳಿಗೆ ಇಲ್ಲ; ಬಯಸಿದಲ್ಲಿ ಪಿತೃತ್ವವನ್ನು ಸ್ಥಾಪಿಸಿ ತಂದೆಯ ಆಸ್ತಿಯಲ್ಲಿ ಪಾಲು ಕೇಳುವ ಹಕ್ಕು ಉಂಟು. ಕೇಳಬೇಕೋ ಬೇಡವೋ ಎಂಬ ತೀರ್ಮಾನ ಮೊದಲ ಬಾರಿಗೆ ಮಗುವಿನ ಕಡೆಗೆ ಬಂದಿದೆ.

ನಮ್ಮ ಮಠಗಳ ಪ್ರಸಾದನಿಲಯಗಳು ಪಂಕ್ತಿಯಲ್ಲಿ ಕುಳಿತ ಮಕ್ಕಳ ಕುಲವನ್ನು ಕೇಳದೆ ಬಡಿಸಿದ್ದಕ್ಕೆ ಸಿದ್ಧಗಂಗೆ, ಗದಗಿನ ವೀರೇಶ್ವರ ಪುಣ್ಯಾಶ್ರಮಗಳ ಉಜ್ವಲ ಉದಾಹರಣೆಗಳಿವೆ. ಈ ಮಾತನ್ನು ಅಭಿಮಾನದಿಂದಲೇ ಹೇಳಬೇಕು. ಆದರೆ ಪಂಕ್ತಿಗೆ ಬರುವ ಮೊದಲು ಮಗು ಒಂದು ಅರ್ಜಿಯನ್ನು ತುಂಬಿರುತ್ತದೆ. ಆ ಅರ್ಜಿಗಳನ್ನು ಮತ್ತೊಮ್ಮೆ ಓದಿ ನೋಡುವ ಕೆಲಸ, ಲೋಕಾಪುರದ ಶಾಲೆಗಳಿಂದ ಹಿಡಿದು ಮಠದ ವಸತಿನಿಲಯಗಳವರೆಗೆ, ಕಾಯಿದೆಯಿಂದ ತಾನಾಗಿ ಆಗುವುದಲ್ಲ. ತಾಯಿಯ ಹೆಸರಿಗೆ ಅಲ್ಲಿ ಅಂಕಣವಿದೆಯೇ, ಇದ್ದರೆ ಅದೊಂದೇ ತುಂಬಿದ ಅರ್ಜಿಯನ್ನು ಗುಮಾಸ್ತರು ಸ್ವೀಕರಿಸುತ್ತಾರೆಯೇ ಎಂಬುದನ್ನು ಆಯಾ ಸಂಸ್ಥೆಯವರೇ ಹೋಗಿ ನೋಡಬೇಕಾಗಿದೆ.