ಬೇಟೆಯಲ್ಲಿ ಗಾಳಿಯ ವಿಚಾರ

ಪ್ರಾಚೀನ ಕಾವ್ಯಗಳ ಬೇಟೆಯ ವರ್ಣನೆಗಳನ್ನು ಬರಿಯ ಕವಿಸಮಯವೆಂದು ಬದಿಗಿಡುವ ವಾಡಿಕೆಯುಂಟು. ಎರಳೆ, ಹುಲ್ಲೆ, ಸಾರಗ, ಕಡವೆಗಳೆಂಬ ನಾಲ್ಕು ಶಬ್ದಗಳಿಗೂ ‘ಜಿಂಕೆ’ ಎಂದೊಂದೇ ಅರ್ಥವನ್ನು ಬರೆಯಿಸಿ ಮುಂದೆ ಸಾಗುವ ಉಪಾಧ್ಯಾಯರೂ ಇಲ್ಲದಿಲ್ಲ. ಇದರಿಂದಾಗುವ ನಷ್ಟವು ಅಲ್ಪವಾದುದಲ್ಲ. ಏಕೆಂದರೆ ಬೇಟೆಗಾರನು ತನ್ನ ಮೈವಾಸನೆಯನ್ನು ಹೇಗೆ ನಿರ್ವಹಿಸಬೇಕೆಂಬುದು ಮೃಗದ ಜಾತಿಯನ್ನೂ ನೆಲದ ಬಗೆಯನ್ನೂ ಅವಲಂಬಿಸಿದೆ.

ಹುಲ್ಲೆಕರವೆಂದೂ ಚಿಗರಿಯೆಂದೂ ಹೆಸರುಳ್ಳ ಕೃಷ್ಣಮೃಗವು ಬಯಲಿನ ಪ್ರಾಣಿ. ಅದಕ್ಕೆ ಕಣ್ಣೇ ಮುಖ್ಯವಾದ ಕಾವಲು. ಕಡವೆಯಾದರೋ ದಟ್ಟವಾದ ಕಾಡಿನಲ್ಲಿ ಮೂಗನ್ನೂ ಕಿವಿಯನ್ನೂ ನಂಬಿ ಬಾಳುತ್ತದೆ. ಬೆಂಗಳೂರಿನ ಹೊರವಲಯದಲ್ಲಿ ಈ ಎರಡು ಬಗೆಯ ನೆಲವೂ ಇಂದಿಗೂ ಗುರುತಿಗೆ ಸಿಕ್ಕುತ್ತದೆ. ಕಾರ್ಖಾನೆ ಕಚೇರಿಗಳಿಂದ ಮುಚ್ಚಿಹೋಗಿರುವ ವೈಟ್‌ಫೀಲ್ಡಿನ ಕಡೆಯದು ಬಯಲುಸೀಮೆ. ಎಲೆಕ್ಟ್ರಾನಿಕ್ ಸಿಟಿಯಿಂದ ಪಶ್ಚಿಮಕ್ಕೆ ಸ್ವಲ್ಪ ದೂರ ಹೋದರೆ ಬನ್ನೇರುಘಟ್ಟದ ಬೆಟ್ಟಗಾಡು.

ಬಯಲಿನ ಬೇಟೆಗೆ ಅರಸರು ಸಿವಂಗಿಯನ್ನು ಪಳಗಿಸುತ್ತಿದ್ದರು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಟಿಪ್ಪು ಸುಲ್ತಾನನ ಸಿವಂಗಿಗಳಲ್ಲಿ ಕೆಲವನ್ನು ಇಂಗ್ಲೆಂಡಿನ ಮೂರನೆಯ ಜಾರ್ಜ್ ದೊರೆಗೆ ಕಳುಹಿಸಿದರು. ಸಿವಂಗಿಯ ಕಣ್ಣು ಕಟ್ಟಿ, ಎತ್ತಿನ ಗಾಡಿಯ ಮೇಲೆ ಕೂರಿಸಿ, ಹಿಂಡಿನ ಸಮೀಪಕ್ಕೆ ಒಯ್ಯುತ್ತಿದ್ದುದು ಇದರ ಕ್ರಮ. ಹೊಲಗಳ ನಡುವೆ ಬೆಳೆದ ಮೃಗಕ್ಕೆ ಎತ್ತಿನ ವಾಸನೆಯಾಗಲಿ ಒಕ್ಕಲಿಗನ ವಾಸನೆಯಾಗಲಿ ದಿನದಿನದ್ದು. ಮನುಷ್ಯನ ಕಂಪನ್ನು ಇಲ್ಲಿ ಅಳಿಸುವವರಿಲ್ಲ. ಅದು ಪರಿಚಿತವಾದ ಕಂಪಿನೊಳಗೆ ಅಡಗಿಹೋಗುತ್ತದೆ. ಗಾಡಿಯನ್ನು ಅರಸರ ಸುಖಾರ್ಥವಾದ ವಾಹನವೆಂದು ಮಾತ್ರ ತಿಳಿಯುವವರು ಈ ಅಂಶವನ್ನು ಕಾಣಲಾರರು.

ದೀಹದ ಬೇಟೆಯೂ ಇದಕ್ಕೆ ಸಮೀಪವಾದುದೇ. ದೀಹ, ದೀವ ಎಂದರೆ ಕಾಡುಮೃಗವನ್ನು ಸೆಳೆಯುವುದಕ್ಕಾಗಿ ಸಾಕಿದ ಮೃಗ. ಪಳಗಿದ ಗಂಡಿನ ಕೊಂಬಿಗೆ ಬಲೆ ಕಟ್ಟಿ ಬಿಡುವ ಕ್ರಮವನ್ನು ಅಕ್ಬರನ ಕಾಲದ ಐನ್-ಇ-ಅಕ್ಬರಿಯೂ ಹೇಳುತ್ತದೆ. ಕಾದಲು ಬಂದ ಕಾಡುಗಂಡು ಬಲೆಗೆ ತೊಡಕಿಕೊಳ್ಳುತ್ತದೆ. ಬೇಟೆಗಾರನು ಅಷ್ಟು ದೂರದಲ್ಲಿ ಅಡಗಿದ್ದರೆ ಸಾಕು. ಸಾಕಿದ ಮೃಗದ ಮೈಗೆ ಹತ್ತಿರುವ ಮನೆಯ ವಾಸನೆಯು ಎದುರಾಳಿಯ ಕೋಪದ ಮುಂದೆ ಗಣನೆಗೆ ಬರುತ್ತಿರಲಿಲ್ಲವೆಂದು ಊಹಿಸುವುದು ಅಸಂಗತವಾಗಲಾರದು.

ಮಲೆನಾಡಿನ ಕಾಡಿಗೆ ಬಂದರೆ ಉಪಾಯವೇ ಬೇರೆ. ಅಲ್ಲಿ ಮರಸು ಕೂರುವವನು ಮೃಗದ ದಾರಿಗೆ ಗಾಳಿ ಬೀಸದ ಮಗ್ಗುಲನ್ನೇ ಆರಿಸಬೇಕು. ಹುಡಿಮಣ್ಣನ್ನು ಉದುರಿಸಿ ನೋಡಿದರೆ ಗಾಳಿಯ ದಿಕ್ಕು ತಿಳಿಯುತ್ತದೆ. ಹಗಲು ಬಿಸಿಯೇರಿದಂತೆ ಗಾಳಿಯು ಕಣಿವೆಯಿಂದ ಮೇಲಕ್ಕೇರುವುದು, ಇರುಳು ತಂಪಾಗಿ ಕೆಳಕ್ಕಿಳಿಯುವುದು. ಬೆಳಗ್ಗೆ ಒಳ್ಳೆಯದೆನಿಸಿದ ಜಾಗವು ಸಂಜೆಗೆ ಕೆಟ್ಟದ್ದಾಗಬಹುದು. ಮರದ ಮೇಲೆ ಕೂರುವುದರಿಂದ ವಾಸನೆಯು ಮೃಗದ ಮೂಗಿನ ಮಟ್ಟವನ್ನು ಬಿಟ್ಟು ಮೇಲೆಯೇ ಸಾಗುವ ಲಾಭವೂ ಉಂಟು. ಸೋವಿನ ಬೇಟೆಯಲ್ಲಿಯಂತೂ ನರವಾಸನೆಯೇ ಆಯುಧ. ಸೋವುವವರು ಗಾಳಿ ಬರುವ ಕಡೆಯಿಂದ ನುಗ್ಗಿದರೆ ಅವರ ಗದ್ದಲದೊಡನೆ ವಾಸನೆಯೂ ಮುಂದೆ ಹರಿದು ಮೃಗವನ್ನು ಅಟ್ಟುತ್ತದೆ; ಕಂಡಿಯಲ್ಲಿ ಕಾದವನ ವಾಸನೆ ಹಿಂದಕ್ಕೆ ಹೋಗುತ್ತದೆ.

ಕಲ್ಯಾಣದ ಮೂರನೆಯ ಸೋಮೇಶ್ವರನು 1129ರ ಸುಮಾರಿನಲ್ಲಿ ರಚಿಸಿದ ಮಾನಸೋಲ್ಲಾಸವು ಮೃಗಯೆಯನ್ನು ರಾಜವಿನೋದಗಳಲ್ಲಿ ಸೇರಿಸಿ, ಅದರ ಪ್ರಕಾರಗಳನ್ನು ಶಾಸ್ತ್ರದಂತೆ ವಿಂಗಡಿಸಿರುವುದು ವಿದ್ವಾಂಸರಿಗೆ ತಿಳಿದದ್ದೇ. ಅದಕ್ಕೂ ಹಿಂದೆ, 941ರ ಸುಮಾರಿನ ವಿಕ್ರಮಾರ್ಜುನ ವಿಜಯದಲ್ಲಿ ಪಂಪನು ಖಾಂಡವದಹನಕ್ಕೆ ಮುಂಚೆ ಬೇಟೆಯನ್ನು ವಿಸ್ತಾರವಾಗಿ ವರ್ಣಿಸಿದ್ದಾನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಬೇಟೆಯು ನಿಷಿದ್ಧವಾದ ಮೇಲೆ ಈ ಶಬ್ದಗಳನ್ನು ಕೈಯಿಂದ ಕಲಿತವರ ಸಂತತಿಯು ಮುಗಿಯುತ್ತ ಬಂದಿದೆ. ಮರಸು, ಸೋವು, ಕಂಡಿ, ದೀಹ ಎಂಬಿವುಗಳ ಅರ್ಥವನ್ನು, ಗಾಳಿಯ ದಿಕ್ಕಿನ ಸಮೇತವಾಗಿ, ಅವರ ಬಾಯಿಂದ ಬರೆದುಕೊಳ್ಳಲು ಇನ್ನು ಕೆಲವೇ ವರ್ಷಗಳ ಅವಕಾಶವಿದೆ.