ಕ್ರಯಪತ್ರದ ಘಳಿಗೆ

ಹನೂರಿನಿಂದ ಒಡೆಯರಪಾಳ್ಯದ ಕಡೆಗೆ ಸಾಗುವ ಹಾದಿಯಲ್ಲಿ, ಮಲೆ ಮಹದೇಶ್ವರನ ಬೆಟ್ಟಗಳಿಗೂ ಬಿಳಿಗಿರಿರಂಗನ ಬೆಟ್ಟಗಳಿಗೂ ನಡುವಣ ಸೀಮೆಯಲ್ಲಿರುವ ಲೊಕ್ಕನಹಳ್ಳಿಯಂತಹ ಊರುಗಳಲ್ಲಿ, ಮನೆಯೊಂದನ್ನು ಕೊಳ್ಳಬಯಸಿದವನು ಬೆಲೆ ಗೊತ್ತಾದೊಡನೆ ಕಚೇರಿಗೆ ಧಾವಿಸುವುದಿಲ್ಲ. ಪಂಚಾಂಗ ಬಲ್ಲವರನ್ನು ಕಂಡು, ತನ್ನ ಹೆಸರಿಗೂ ಮಡದಿಯ ಹೆಸರಿಗೂ ಕೂಡಿಬರುವ ದಿನವನ್ನು ಕೇಳಿಕೊಂಡು, ಅನಂತರವೇ ಪತ್ರದ ಮಾತೆತ್ತುತ್ತಾನೆ. ಇದನ್ನು ಅಂಜಿಕೆಯ ಮಾತೆಂದು ತಳ್ಳಿಹಾಕುವವರು ಇದರ ಪೂರ್ವೇತಿಹಾಸವನ್ನು ಒಮ್ಮೆ ಪರಿಶೀಲಿಸುವುದು ಉಚಿತ.

ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ವಿಜ್ಞಾನೇಶ್ವರನು ರಚಿಸಿದ ‘ಮಿತಾಕ್ಷರಾ’ ವ್ಯಾಖ್ಯಾನದ ಪ್ರಕಾರ ಸ್ಥಾವರವು ಮಾರತಕ್ಕ ವಸ್ತುವಲ್ಲ. ಮಾರಲೇಬೇಕಾದಲ್ಲಿ ಹೊನ್ನನ್ನೂ ನೀರನ್ನೂ ಧಾರೆಯೆರೆದು, ದಾನದ ರೂಪದಲ್ಲಿಯೇ ಅದನ್ನು ಪರರಿಗೆ ಒಪ್ಪಿಸತಕ್ಕದ್ದು. ದಾಯಾದಿಗಳ ಸಮ್ಮತಿಯೊಡನೆ ಗ್ರಾಮದ ಸಮ್ಮತಿಯೂ ಬೇಕು, ವ್ಯವಹಾರವು ಎಲ್ಲರಿಗೂ ತಿಳಿದಿರಲೆಂದು. ನೆರೆಹೊಲದವರ ಸಮ್ಮತಿಯೂ ಬೇಕು, ಮುಂದೆ ಎಲ್ಲೆಯ ಜಗಳ ಹುಟ್ಟದಿರಲೆಂದು. ದಾನಕ್ಕಾದರೋ ಕಾಲವಿಚಾರ ತಪ್ಪದು. ಗ್ರಹಣ, ಸಂಕ್ರಮಣ, ವ್ಯತೀಪಾತಗಳಂತಹ ಪುಣ್ಯಕಾಲದಲ್ಲಿ ಭೂಮಿಯನ್ನು ಧಾರೆಯೆರೆದ ಸಂಗತಿಯನ್ನು ಕನ್ನಡನಾಡಿನ ಶಾಸನಗಳು ಸಂವತ್ಸರ, ಮಾಸ, ತಿಥಿ, ವಾರಗಳ ಸಮೇತ ಮತ್ತೆ ಮತ್ತೆ ಹೇಳುತ್ತವೆ. ವಿಕ್ರಯವು ದಾನದ ರೂಪವನ್ನು ತಾಳಿದಾಗ ದಾನದ ಕಾಲನಿಯಮವೂ ಅದರೊಡನೆ ಬಂದಿತೆಂದು ನನ್ನ ಎಣಿಕೆ.

ಆದರೆ ವಿಕ್ರಯದ ಮುಹೂರ್ತದಲ್ಲಿ ದಾನದಲ್ಲಿಲ್ಲದ ತೊಡಕೊಂದುಂಟು. ರಾಮದೈವಜ್ಞನು ೧೬೦೦ರಲ್ಲಿ ಕಾಶಿಯಲ್ಲಿ ಬರೆದ ‘ಮುಹೂರ್ತಚಿಂತಾಮಣಿ’ಯ ನಕ್ಷತ್ರ ಪ್ರಕರಣವು ಅಶ್ವಿನಿ, ಚಿತ್ತೆ, ಸ್ವಾತಿ, ಶ್ರವಣ, ಶತಭಿಷ, ರೇವತಿಗಳನ್ನು ಕೊಳ್ಳುವುದಕ್ಕೆ ಶುಭವೆಂದೂ, ಭರಣಿ, ಕೃತ್ತಿಕೆ, ಆಶ್ಲೇಷ, ವಿಶಾಖೆ ಮತ್ತು ಮೂರು ಪೂರ್ವಾ ನಕ್ಷತ್ರಗಳನ್ನು ಮಾರುವುದಕ್ಕೆ ಶುಭವೆಂದೂ ವಿಂಗಡಿಸಿ, ಒಂದರದು ಇನ್ನೊಂದಕ್ಕೆ ಸಲ್ಲದೆಂದು ನಿಷೇಧಿಸುತ್ತದೆ. ಕೊಳ್ಳುವವನಿಲ್ಲದೆ ಮಾರುವವನಿಲ್ಲ, ಅಂದಮೇಲೆ ಇಬ್ಬರಿಗೂ ಒಳ್ಳೆಯದಾದ ನಕ್ಷತ್ರವೆಲ್ಲಿಂದ ಬಂದೀತು? ವಾರದ ವಿಷಯದಲ್ಲಿಯೂ ಹಾಗೆಯೇ: ಶುಕ್ರವಾರ ಮನೆಯಿಂದ ಹಣ ಹೊರಗೆ ಹೋಗಬಾರದೆಂದು ಕೊಳ್ಳುವವನು ಹಿಂಜರಿದರೆ, ಅದೇ ದಿನ ಲಕ್ಷ್ಮಿ ಮನೆಗೆ ಬರಲೆಂದು ಮಾರುವವನು ಆಸೆಪಡುತ್ತಾನೆ.

ಲೋಕರೂಢಿಯು ಈ ತೊಡಕನ್ನು ಬಿಡಿಸಿಕೊಂಡ ಬಗೆ ಪ್ರಶಂಸನೀಯವಾದುದು. ವ್ಯವಹಾರವನ್ನು ಒಂದೇ ಘಳಿಗೆಯಲ್ಲಿ ಮುಗಿಸದೆ ಅದನ್ನು ಹಲವು ಹೆಜ್ಜೆಗಳಾಗಿ ಬಿಡಿಸಿದರು. ಒಂದು ದಿನ ಊರ ಹಿರಿಯರೆದುರಿಗೆ, ತಟ್ಟೆಯಲ್ಲಿ ವೀಳ್ಯದೆಲೆ, ಅಡಕೆ, ಬಾಳೆಹಣ್ಣುಗಳ ನಡುವೆ ಸಂಚಕಾರದ, ಎಂದರೆ ಮುಂಗಡದ, ನೋಟುಗಳನ್ನಿಟ್ಟು, ಮಾರುವವನ ಕೈಗೆ ಕೊಡುವುದು. ಇನ್ನೊಂದು ದಿನ ಪತ್ರ ಬರೆಯುವವರು ಛಾಪಾ ಕಾಗದದ ಮೇಲೆ ಚೆಕ್ಕುಬಂದಿಯನ್ನು ಬರೆದು, ಪೂರ್ವಕ್ಕೆ ಯಾರ ಮನೆ, ಪಶ್ಚಿಮಕ್ಕೆ ಯಾವ ಓಣಿ ಎಂದು ಗಟ್ಟಿಯಾಗಿ ಓದಿಹೇಳಿದಮೇಲೆ ರುಜುವನ್ನೋ ಹೆಬ್ಬೆಟ್ಟನ್ನೋ ಹಾಕಿಸುವುದು. ಮತ್ತೊಂದು ದಿನ ಹಾಲುಕ್ಕಿಸಿ ಒಕ್ಕಲಾಗುವುದು. ಸಂಚಕಾರಕ್ಕೂ ಪತ್ರಕ್ಕೂ ನಡುವೆ ದೊರಕುವ ಆ ಬಿಡುವಿನಲ್ಲಿ ಅಣ್ಣತಮ್ಮಂದಿರ ತಕರಾರು, ಹಳೆಯ ಅಡಮಾನ, ಹೆಣ್ಣುಮಕ್ಕಳ ಪಾಲು, ಎಲ್ಲವೂ ಬೆಳಕಿಗೆ ಬರುವುದಕ್ಕೆ ಅವಕಾಶವುಂಟು. ಈ ಪದ್ಧತಿಯ ನಿಜವಾದ ಉಪಕಾರ ಇಲ್ಲಿಯೇ ಇದೆಯೆಂದು ನಾನು ದೃಢವಾಗಿ ನಂಬಿದ್ದೇನೆ.

ಇಂಗ್ಲಿಷರ ಕಾನೂನು ಈ ಸೀಮೆಗೆ ಬಂದುದು ಮೈಸೂರಿನ ಮೂಲಕವಲ್ಲ. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದಮೇಲೆ ಹನೂರನ್ನೊಳಗೊಂಡ ಕೊಳ್ಳೇಗಾಲ ಸೀಮೆ ಕಂಪನಿಯ ವಶವಾಗಿ, ಮದರಾಸಿನ ಅಧೀನದಲ್ಲಿ ಕೊಯಮತ್ತೂರು ಜಿಲ್ಲೆಗೆ ಸೇರಿತು. ನೆರೆಯ ಯಳಂದೂರಾದರೋ ಮೈಸೂರಿನಲ್ಲಿಯೇ ಉಳಿದು, ೧೮೦೭ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಯಿತು. ೧೯೫೬ರ ನವೆಂಬರ್ ೧ರವರೆಗೂ ಕೊಳ್ಳೇಗಾಲ ಮದರಾಸಿನಲ್ಲಿಯೇ ಉಳಿದುದರಿಂದ, ಶುಭಕಾರ್ಯಕ್ಕೆ ವರ್ಜ್ಯವೆನ್ನುವ ಆಷಾಢದ ವಿಷಯದಲ್ಲಿ ಸಹ ಇಲ್ಲಿ ಎರಡು ಲೆಕ್ಕಗಳು ಎದುರುಬದುರಾದುವು: ಕನ್ನಡಿಗರ ಚಾಂದ್ರಮಾನದ ಆಷಾಢವು ಭೀಮನ ಅಮಾವಾಸ್ಯೆಗೆ ಮುಗಿದರೆ, ತಮಿಳರ ಸೌರಮಾನದ ಆಡಿ ತಿಂಗಳು ಆಗಸ್ಟ್ ನಡುಭಾಗದವರೆಗೂ ನಡೆಯುತ್ತದೆ.

೧೮೮೨ರ ಸ್ವತ್ತು ವರ್ಗಾವಣೆ ಕಾಯಿದೆಯು ನೂರು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಸ್ಥಾವರದ ಮಾರಾಟಕ್ಕೆ ನೋಂದಣಿಯಾದ ಪತ್ರವೇ ಬೇಕೆಂದಿತು. ನೀರಿನ ಧಾರೆಯ ಸ್ಥಾನವನ್ನು ಶಾಯಿ ವಹಿಸಿಕೊಂಡಿತು. ಆದರೂ ೧೯೦೮ರ ನೋಂದಣಿ ಕಾಯಿದೆಯನ್ನು ಓದಿದಾಗ, ಅದು ತಿಳಿದೋ ತಿಳಿಯದೆಯೋ ಹಳೆಯ ರೂಢಿಗೆ ಎಡೆಗೊಟ್ಟಿರುವುದು ಕಾಣುತ್ತದೆ. ರುಜುವಾದ ಪತ್ರವನ್ನು ನಾಲ್ಕು ತಿಂಗಳೊಳಗೆ ಹಾಜರುಪಡಿಸಬಹುದು. ನೋಂದಣಿಯಾದ ಬಳಿಕ ಅದರ ಬಲವು ನೋಂದಣಿಯ ದಿನದಿಂದಲ್ಲ, ಬರೆದುಕೊಟ್ಟ ದಿನದಿಂದಲೇ ಸಲ್ಲುತ್ತದೆಂದು ೪೭ನೆಯ ಪ್ರಕರಣ ಹೇಳುತ್ತದೆ. ಆದ್ದರಿಂದ ಮನೆಯ ಪಡಸಾಲೆಯಲ್ಲಿ, ತಾವು ಆರಿಸಿದ ಲಗ್ನದಲ್ಲಿ ರುಜು ಹಾಕಿ, ಕಚೇರಿಗೆ ಬಿಡುವಾದಾಗ ಹೋಗುವುದಕ್ಕೆ ಅಡ್ಡಿಯಿರಲಿಲ್ಲ. ೫೨ನೆಯ ಪ್ರಕರಣವಂತೂ ಪತ್ರವನ್ನು ಹಾಜರುಪಡಿಸಿದ ದಿನವನ್ನು ಮಾತ್ರವಲ್ಲದೆ ವೇಳೆಯನ್ನೂ ಅದರ ಬೆನ್ನಿಗೆ ಬರೆಯಬೇಕೆಂದು ವಿಧಿಸಿದೆ.

ಕಚೇರಿಯಲ್ಲಿಯೇ ಶುಭವೇಳೆ ಬೇಕೆನ್ನುವವರಿಗೆ ರಾಹುಕಾಲದ ಲೆಕ್ಕವುಂಟು. ಹಗಲನ್ನು ಎಂಟು ಪಾಲು ಮಾಡಿ ದಿನಕ್ಕೊಂದು ಪಾಲನ್ನು ರಾಹುವಿಗೆ ಬಿಡುವ ಈ ಕ್ರಮದಲ್ಲಿ ಶುಕ್ರವಾರ ಹತ್ತೂವರೆಯಿಂದ ಹನ್ನೆರಡರವರೆಗೆ, ಬುಧವಾರ ಹನ್ನೆರಡರಿಂದ ಒಂದೂವರೆಯವರೆಗೆ ವರ್ಜ್ಯ. ಸೋಮವಾರದ್ದು ಏಳೂವರೆಗೆ ತೊಡಗಿ, ಕಚೇರಿಯ ಬಾಗಿಲು ತೆರೆಯುವ ಮುನ್ನ ಒಂಬತ್ತಕ್ಕೇ ಕಳೆದುಹೋಗುತ್ತದೆ. ಸೋಮವಾರವು ಮಾದಪ್ಪನ, ಎಂದರೆ ಮಲೆ ಮಹದೇಶ್ವರನ, ವಾರವೂ ಹೌದು. ಉಳಿದೆಡೆ ಶುಭಕಾರ್ಯಕ್ಕೆ ಹಲವರು ಬಿಟ್ಟುಬಿಡುವ ಅಮಾವಾಸ್ಯೆಯೂ ಆ ಬೆಟ್ಟದಲ್ಲಿ ಜನಸಾಗರ ನೆರೆಯುವ ಪೂಜೆಯ ದಿನವೆಂಬುದನ್ನು ನೆನೆದರೆ, ಕಾಲದ ಶುಭಾಶುಭಗಳನ್ನು ಒಂದೊಂದು ಸೀಮೆ ತನ್ನ ದೈವವನ್ನು ನೋಡಿಕೊಂಡು ನಿಶ್ಚಯಿಸುತ್ತದೆಂಬುದು ಮನದಟ್ಟಾಗುತ್ತದೆ.

೨೦೦೩ರಲ್ಲಿ ಬಂದ ‘ಕಾವೇರಿ’ ಗಣಕ ವ್ಯವಸ್ಥೆಯೂ ೨೦೨೩ರಲ್ಲಿ ಅದರ ಸ್ಥಾನಕ್ಕೆ ಬಂದ ‘ಕಾವೇರಿ ೨.೦’ ಸಹ ಕಚೇರಿಯ ನಡೆಯನ್ನು ಬದಲಿಸಿವೆ. ಈಗ ವೇಳೆಯನ್ನು ಮುಂಗಡವಾಗಿ ಕಾದಿರಿಸಬೇಕಾಗಿರುವುದರಿಂದ ಪಂಚಾಂಗದ ಘಳಿಗೆಯನ್ನು ಗಣಕದಲ್ಲಿ ಖಾಲಿಯಿರುವ ಘಳಿಗೆಯೊಡನೆ ಹೊಂದಿಸಿಕೊಳ್ಳಬೇಕು. ಆದರೆ ಯಾವ ಪಂಚಾಂಗವೂ ಮುಹೂರ್ತವಿಡಲಾರದ ನೆಲವೂ ಈ ಕಾಡಂಚಿನಲ್ಲಿ ಉಂಟು. ೧೯೭೮ರ ಕಾಯಿದೆಯು ಪರಿಶಿಷ್ಟರಿಗೆ ಸರ್ಕಾರ ಕೊಟ್ಟ ಜಮೀನನ್ನು ಅದರ ಪೂರ್ವಾನುಮತಿಯಿಲ್ಲದೆ ಮಾರಲಾಗದೆಂದು ಕಟ್ಟುಮಾಡಿದೆ. ೨೦೦೬ರ ಅರಣ್ಯಹಕ್ಕು ಕಾಯಿದೆಯಡಿ ಸೋಲಿಗರಂತಹ ಕಾಡಿನ ಮಕ್ಕಳಿಗೆ ದೊರೆತ ಭೂಮಿಯು ಮಕ್ಕಳಿಗೆ ಇಳಿಯುತ್ತದೆಯೇ ಹೊರತು ಪರರಿಗೆ ಸಲ್ಲುವುದಿಲ್ಲ. ಅಂತಹ ನೆಲಕ್ಕೆ ಸಂಚಕಾರ ಕೊಡಹೊರಟವನಿಗೆ, ದಿನ ನೋಡುವುದಕ್ಕೆ ಮೊದಲು ಹಕ್ಕುಪತ್ರವನ್ನು ನೋಡೆಂದು ಹೇಳುವ ಹಿರಿಯರು ಊರಿನಲ್ಲಿರಬೇಕು.